ಬೈಕಿನ ಹ್ಯಾಂಡಲ್ ಗ್ರಿಪ್ ನಾನೇ ಬದಲಾಯಿಸಿದೆ

ಎಡಗಡೆ ಗ್ರಿಪ್ ಸವೆದು, ಕ್ಲಚ್ ಹಿಡಿದಾಗೆಲ್ಲ ಸುಮ್ನೆ ತಿರುಗುತ್ತಿತ್ತು. ಎರಡೂ ಕಡೆ ಬದಲಾಯಿಸಿಬಿಟ್ಟೆ.

ಹ್ಯಾಂಡಲಿನ ತುದಿಗೆ ಕೂರಿಸಿರುವ ಬಿಲ್ಲೆ, ಅಂದರೆ ಬಾರ್ ಎಂಡ್ ಬಿಚ್ಚಿ, ಹಳೆಯ ರಬ್ಬರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಎಡಗಡೆ ಕೆಳಗಿರುವುದು ಲೋಹದ ಪೈಪು, ಅಷ್ಟು ಚಿಂತೆಯಿಲ್ಲ. ಬಲಗಡೆ ಮಾತ್ರ ಆಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಬ್ಲೇಡು ಅದಕ್ಕೆ ತಾಗಬಾರದು. ಅಲ್ಲಿ ಸ್ವಲ್ಪ ಸ್ವಲ್ಪವೇ ಕೊಯ್ದೆ, ಉಳಿದದ್ದನ್ನು ಕೈಯಲ್ಲೇ ಕಿತ್ತೆ.

ಹೊಸ ಜೋಡಿಯಲ್ಲಿ ಒಂದರ ತೂತು ದೊಡ್ಡದಿರುತ್ತದೆ. ಅದು ಆಕ್ಸಿಲರೇಟರ್ ಕಡೆಯದು, ಆ ಕೊಳವೆ ದಪ್ಪ ಅಲ್ವಾ.

ಸುಲಭವಾಗಿ ಜಾರಲಿ ಅಂತ ಎಣ್ಣೆ ಹಚ್ಚಲೇಬೇಡಿ. ಅದು ಒಳಗೇ ಉಳಿದು ಗ್ರಿಪ್ ಮತ್ತೆ ತಿರುಗುತ್ತದೆ. ನಾನು ಹಚ್ಚಿದ್ದು ಗ್ರಿಪ್ ಅಂಟು. ಹಸಿ ಇರುವಾಗ ಜಾರುತ್ತದೆ, ಒಣಗಿದರೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆದ್ದರಿಂದ ತಿರುಚುತ್ತಾ ಒಂದೇ ಸಲಕ್ಕೆ ಒಳಗೆ ತಳ್ಳಬೇಕು. ನಡುವೆ ನಿಲ್ಲಿಸಿದರೆ ಅಲ್ಲೇ ಹಿಡಿದುಬಿಡುತ್ತದೆ.

ಜಾಸ್ತಿ ಗಮನ ಬೇಕಾದದ್ದು ಬಲಗಡೆಗೆ. ಗ್ರಿಪ್ಪಿಗೂ ಸ್ವಿಚ್ ಇರುವ ಡಬ್ಬಿಗೂ ನಡುವೆ 1–2 ಮಿ.ಮೀ. ಸಂದು ಬಿಡಿ. ಬಾರ್ ಎಂಡ್ ಕಡೆಯೂ ಹಾಗೇ. ಉಜ್ಜಿದರೆ ಆಕ್ಸಿಲರೇಟರ್ ವಾಪಸ್ ಬರದೆ ನಿಂತುಬಿಡಬಹುದು, ಅದು ನಿಜಕ್ಕೂ ಅಪಾಯ.

ರಾತ್ರಿಯಿಡೀ ಒಣಗಲು ಬಿಟ್ಟೆ. ಬೆಳಿಗ್ಗೆ ಎಂಜಿನ್ ಆಫ್ ಇಟ್ಟುಕೊಂಡೇ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಬಿಟ್ಟು ನೋಡಿದೆ. ಎರಡೂ ಕಡೆ ಟಕ್ಕನೆ ವಾಪಸ್ ಬಂತು. ಆಮೇಲೇ ಸ್ಟಾರ್ಟ್ ಮಾಡಿದ್ದು.