ಪ್ಲೇಸ್ಟೇಷನ್ 4ರ 5.1 ಧ್ವನಿಯನ್ನು ಕಂಪ್ಯೂಟರ್ ಸ್ಪೀಕರ್‌ಗಳಲ್ಲಿ ಪಡೆಯುವ ವಿಧಾನ

ಹಸಿರು, ಕಪ್ಪು ಮತ್ತು ಕಿತ್ತಳೆ ಬಣ್ಣದ ಮೂರು ಪಿನ್‌ಗಳಿರುವ 5.1 ಸ್ಪೀಕರ್‌ಗಳನ್ನು (ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್) ಪ್ಲೇಸ್ಟೇಷನ್ 4ಕ್ಕೆ ನೇರವಾಗಿ ಜೋಡಿಸಲು ಬರುವುದಿಲ್ಲ. ಆ ಸ್ಪೀಕರ್‌ಗಳಿಗೆ ಆರು ಚಾನೆಲ್‌ಗಳ ಅನಲಾಗ್ ಧ್ವನಿ ಬೇಕು, ಕನ್ಸೋಲ್ ಕೊಡುವುದು ಡಿಜಿಟಲ್ ಧ್ವನಿಯನ್ನು ಮಾತ್ರ. ಹೋಮ್ ಥಿಯೇಟರ್ ರಿಸೀವರ್ ಇರುವವರು ಕನ್ಸೋಲನ್ನು ಅದಕ್ಕೇ ಜೋಡಿಸುವುದು ಒಳ್ಳೆಯದು. ಅವರಿಗೆ ಈ ಲೇಖನದ ಅಗತ್ಯವಿಲ್ಲ. ಆದರೆ ಕಂಪ್ಯೂಟರ್ ಮತ್ತು 5.1 ಸ್ಪೀಕರ್‌ಗಳು ಈಗಾಗಲೇ ಮನೆಯಲ್ಲಿದ್ದರೆ, ಡಿಜಿಟಲ್ ಧ್ವನಿಯನ್ನು ಬಿಡಿಸಿ ಸ್ಪೀಕರ್‌ಗಳಿಗೆ ಹಂಚುವ ರಿಸೀವರಿನ ಕೆಲಸವನ್ನು ಕಂಪ್ಯೂಟರಿನಿಂದಲೇ ಮಾಡಿಸಬಹುದು.

ಕನ್ಸೋಲಿನ ಧ್ವನಿ ಕಂಪ್ಯೂಟರಿಗೆ ಬರುವುದು ಬೆಳಕಿನ ಮೂಲಕ ದತ್ತಾಂಶ ಸಾಗಿಸುವ ಆಪ್ಟಿಕಲ್ ಕೇಬಲ್‌ನಲ್ಲಿ. ಮೊದಲು ಆ ಕೇಬಲ್‌ನಲ್ಲಿ ಏನು ಹರಿಯುತ್ತದೆ ಎಂಬುದನ್ನು ಅರಿಯಬೇಕು, ಏಕೆಂದರೆ ಮುಂದೆ ಎದುರಾಗುವ ಬಹುಪಾಲು ತೊಡಕುಗಳ ಮೂಲ ಅಲ್ಲಿಯೇ ಇದೆ. ಎಸ್‌ಪಿಡಿಐಎಫ್ ಎಂಬ ಈ ಸಂಪರ್ಕ ರೂಪುಗೊಂಡದ್ದು ಸ್ಟೀರಿಯೊ ಧ್ವನಿಗಾಗಿ. ಸೆಕೆಂಡಿಗೆ 48,000 ಮಾದರಿಗಳು (ಸ್ಯಾಂಪಲ್, ಅಂದರೆ ಧ್ವನಿಯ ಒಂದೊಂದು ಅಳತೆ), ಒಂದೊಂದಕ್ಕೂ 16 ಬಿಟ್, ಎರಡು ಚಾನೆಲ್ ಎಂದು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 15 ಲಕ್ಷ ಬಿಟ್‌ಗಳಾಗುತ್ತವೆ, ಅಷ್ಟರೊಳಗೆ ಆರು ಚಾನೆಲ್‌ಗಳು ಇದ್ದಂತೆಯೇ ಹಿಡಿಸುವುದಿಲ್ಲ. ಆದ್ದರಿಂದ ಕನ್ಸೋಲ್ ಅವುಗಳನ್ನು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ವಿಧಾನದಲ್ಲಿ ಕುಗ್ಗಿಸಿ, ಆ ದತ್ತಾಂಶವನ್ನು ಸ್ಟೀರಿಯೊ ಮಾದರಿಗಳ ಜಾಗದಲ್ಲಿ ತುಂಬಿ ಕಳುಹಿಸುತ್ತದೆ. ಕಂಪ್ಯೂಟರ್ ಅದನ್ನು ಸಾಮಾನ್ಯ ಸ್ಟೀರಿಯೊ ಎಂದೇ ತಿಳಿದು ನುಡಿಸಿದರೆ ಕಿವಿಗಡಚಿಕ್ಕುವ ಕರಕರ ಸದ್ದು ಬರುತ್ತದೆ. ಈ ದತ್ತಾಂಶವನ್ನು ಬಿಡಿಸುವ ತನಕ ಅದರ ಒಂದು ಬಿಟ್ ಕೂಡ ಬದಲಾಗಬಾರದು ಎಂಬ ನಿಯಮವನ್ನು ಪಾಲಿಸಿದರೆ ಉಳಿದುದೆಲ್ಲ ತಾನಾಗಿ ಸರಿಹೋಗುತ್ತದೆ.

ಬೇಕಾದ ಸಾಮಗ್ರಿಯಲ್ಲಿ ಜನ ಹೆಚ್ಚಾಗಿ ಎಡವುವುದು ಸೌಂಡ್ ಕಾರ್ಡಿನ ಆಯ್ಕೆಯಲ್ಲಿ. ಹಲವು ಮದರ್‌ಬೋರ್ಡ್‌ಗಳ ಹಿಂಬದಿಯಲ್ಲಿ ಕಾಣುವ ಆಪ್ಟಿಕಲ್ ಪೋರ್ಟ್ ಧ್ವನಿಯನ್ನು ಹೊರಗೆ ಕಳುಹಿಸಲು ಇರುವಂಥದ್ದು, ಒಳಗೆ ತೆಗೆದುಕೊಳ್ಳಲು ಅಲ್ಲ. ಪೋರ್ಟಿನ ಒಳಗೆ ಕೆಂಪು ಬೆಳಕು ಕಾಣುತ್ತಿದ್ದರೆ ಅದು ಔಟ್‌ಪುಟ್ ಎಂದೇ ತಿಳಿಯಬೇಕು. ನಮಗೆ ಬೇಕಾದುದು ಆಪ್ಟಿಕಲ್ ಇನ್‌ಪುಟ್ ಮತ್ತು 5.1 ಅನಲಾಗ್ ಔಟ್‌ಪುಟ್ ಎರಡೂ ಇರುವ ಕಾರ್ಡ್. ಸಿ-ಮೀಡಿಯಾ ಸಂಸ್ಥೆಯ ಸಿಎಂ6206 ಚಿಪ್ ಬಳಸುವ ಯುಎಸ್‌ಬಿ ಕಾರ್ಡ್‌ಗಳು ಈ ಕೆಲಸಕ್ಕೆ ಒದಗುತ್ತವೆ, ಆದರೆ ಕೊಳ್ಳುವ ಮುನ್ನ ಆ ಕಾರ್ಡಿನಲ್ಲಿ ಇನ್‌ಪುಟ್ ಪೋರ್ಟ್ ನಿಜವಾಗಿಯೂ ಇದೆಯೇ ಎಂದು ನೋಡಿಕೊಳ್ಳಬೇಕು. ಕನ್ಸೋಲಿನ ವಿಷಯದಲ್ಲಿಯೂ ಎಚ್ಚರ ಬೇಕು. 2013ರ ಮೂಲ ಪ್ಲೇಸ್ಟೇಷನ್ 4ರಲ್ಲಿ ಮತ್ತು ಪ್ರೊ ಮಾದರಿಯಲ್ಲಿ ಆಪ್ಟಿಕಲ್ ಪೋರ್ಟ್ ಇದೆ. 2016ರ ಸ್ಲಿಮ್ ಮಾದರಿಯಲ್ಲಿ ಇಲ್ಲ. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲ್‌ಗಳಲ್ಲಿಯೂ ಇಲ್ಲ. ಇಂಥವುಗಳಿಗೆ ಕನ್ಸೋಲ್ ಮತ್ತು ಟಿವಿಯ ನಡುವೆ ಧ್ವನಿಯನ್ನು ಬೇರ್ಪಡಿಸುವ ಎಚ್‌ಡಿಎಂಐ ಆಡಿಯೊ ಎಕ್ಸ್‌ಟ್ರಾಕ್ಟರ್ ಇಟ್ಟು, ಅದರ ಆಪ್ಟಿಕಲ್ ಔಟ್‌ಪುಟ್‌ನಿಂದ ಧ್ವನಿಯನ್ನು ಪಡೆಯಬೇಕು. ಅದರ ಮೇಲೆ 5.1 ಎಂದು ಬರೆದಿರುವ ಸ್ವಿಚ್ ಇದ್ದರೆ ಅದನ್ನು ಆ ಸ್ಥಾನಕ್ಕೆ ತಿರುಗಿಸಬೇಕು, ಇಲ್ಲವಾದರೆ ಟಿವಿ ಸ್ಟೀರಿಯೊ ಮಾತ್ರ ಬಲ್ಲದು ಎಂದು ತಿಳಿದ ಕನ್ಸೋಲ್ ಎರಡೇ ಚಾನೆಲ್ ಕಳುಹಿಸಬಹುದು.

ಇನ್ನು ಆಪ್ಟಿಕಲ್ ಪೋರ್ಟ್ ಇರುವ ಪ್ಲೇಸ್ಟೇಷನ್ 4ರ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಅಂಡ್ ಸ್ಕ್ರೀನ್ ವಿಭಾಗಕ್ಕೆ ಹೋಗಿ, ಆಡಿಯೊ ಔಟ್‌ಪುಟ್ ಸೆಟ್ಟಿಂಗ್ಸ್ ತೆರೆದು, ಮುಖ್ಯ ಔಟ್‌ಪುಟ್ ಆಗಿ ಡಿಜಿಟಲ್ ಔಟ್ ಆಪ್ಟಿಕಲ್ ಎಂಬುದನ್ನು ಆರಿಸಿ, ಡಾಲ್ಬಿ ಮತ್ತು ಡಿಟಿಎಸ್ 5.1 ಎರಡನ್ನೂ ಗುರುತು ಮಾಡಬೇಕು. ಅಷ್ಟಕ್ಕೇ ನಿಲ್ಲಿಸಿದರೆ ಸಾಲದು. ಆಡಿಯೊ ಫಾರ್ಮ್ಯಾಟ್ ಎಂಬ ಇನ್ನೊಂದು ಆಯ್ಕೆಯನ್ನು ಲೀನಿಯರ್ ಪಿಸಿಎಂನಿಂದ (ಕುಗ್ಗಿಸದ ಧ್ವನಿ) ಬಿಟ್‌ಸ್ಟ್ರೀಮ್‌ಗೆ (ಕುಗ್ಗಿಸಿದ ಧ್ವನಿ) ಬದಲಿಸದಿದ್ದರೆ ಆಟಗಳ ಧ್ವನಿ ಸ್ಟೀರಿಯೊ ಆಗಿಯೇ ಉಳಿಯುತ್ತದೆ. ಇಲ್ಲಿ ಡಿಟಿಎಸ್ ಬಿಟ್‌ಸ್ಟ್ರೀಮನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಡಾಲ್ಬಿ ಡಿಜಿಟಲ್‌ನ ಒಂದು ಫ್ರೇಮ್‌ನಲ್ಲಿ, ಅಂದರೆ ಒಮ್ಮೆಗೆ ಕುಗ್ಗಿಸುವ ಧ್ವನಿಯ ತುಣುಕಿನಲ್ಲಿ, 1,536 ಮಾದರಿಗಳಿರುತ್ತವೆ, ಅಂದರೆ 32 ಮಿಲಿಸೆಕೆಂಡಿನಷ್ಟು ಧ್ವನಿ ಒಟ್ಟುಗೂಡುವವರೆಗೆ ಕನ್ಸೋಲ್ ಕಾಯಲೇಬೇಕು. ಡಿಟಿಎಸ್ ಫ್ರೇಮ್ ಸಾಮಾನ್ಯವಾಗಿ 512 ಮಾದರಿಗಳದ್ದು, ಹನ್ನೊಂದು ಮಿಲಿಸೆಕೆಂಡಿಗೂ ಕಡಿಮೆ. ಚಿತ್ರ ನೇರವಾಗಿ ಟಿವಿಗೆ ಹೋಗಿ ಧ್ವನಿ ಮಾತ್ರ ಕಂಪ್ಯೂಟರನ್ನು ಸುತ್ತಿ ಬರುವ ಈ ವ್ಯವಸ್ಥೆಯಲ್ಲಿ ಉಳಿಸಿದ ಪ್ರತಿ ಮಿಲಿಸೆಕೆಂಡಿಗೂ ಬೆಲೆಯಿದೆ.

ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ ಕೆಲಸ ಹೆಚ್ಚು ಖಚಿತವಾಗಿ ನಡೆಯುತ್ತದೆ. ಧ್ವನಿಯ ಸೆಟ್ಟಿಂಗ್‌ಗಳನ್ನು ಬದಲಿಸುವ ಆಲ್ಸಾಮಿಕ್ಸರ್ (alsamixer) ತಂತ್ರಾಂಶದಲ್ಲಿ ಕಾರ್ಡಿನ ಇನ್‌ಪುಟ್ ಮೂಲವನ್ನು ಆಪ್ಟಿಕಲ್‌ಗೆ ಬದಲಿಸಬೇಕು. ಅಲ್ಲಿ ಅದು ಐಇಸಿ958 ಎಂಬ ಹೆಸರಿನಲ್ಲಿ ಇರಬಹುದು. ಬಳಿಕ ಧ್ವನಿಯನ್ನು ದಾಖಲಿಸುವ ಎ-ರೆಕಾರ್ಡ್ (arecord) ಕಮಾಂಡಿನಿಂದ ಎರಡು ಚಾನೆಲ್, 16 ಬಿಟ್, 48,000 ಹರ್ಟ್ಸ್‌ನಲ್ಲಿ ಕಚ್ಚಾ ರೂಪದ ದತ್ತಾಂಶವನ್ನು ಓದಿ, ಪೈಪ್ ಮೂಲಕ (ಒಂದು ಕಮಾಂಡಿನ ಫಲಿತವನ್ನು ಇನ್ನೊಂದಕ್ಕೆ ಕೊಡುವ ವಿಧಾನ) ಎಫ್‌ಎಫ್‌ಎಂಪೆಗ್ ತಂತ್ರಾಂಶದೊಂದಿಗೆ ಬರುವ ಎಫ್‌ಎಫ್‌ಪ್ಲೇಗೆ (ffplay) ಕೊಟ್ಟು, ಇನ್‌ಪುಟ್ ಫಾರ್ಮ್ಯಾಟ್ ಎಸ್‌ಪಿಡಿಐಎಫ್ ಎಂದು ಹೇಳಬೇಕು. ಓದುವಾಗ ಹಾರ್ಡ್‌ವೇರ್ ಸಾಧನವನ್ನೇ ನೇರವಾಗಿ ಹೆಸರಿಸುವುದು ಬಹಳ ಮುಖ್ಯ. ಲಿನಕ್ಸ್‌ನಲ್ಲಿ ಧ್ವನಿಯನ್ನು ನಿರ್ವಹಿಸುವ ಪಲ್ಸ್‌ಆಡಿಯೊ ಅಥವಾ ಪೈಪ್‌ವೈರ್ ನಡುವೆ ಬಂದರೆ ಅವು ವಾಲ್ಯೂಮ್ ಅಥವಾ ಮಾದರಿ ದರವನ್ನು ಮುಟ್ಟುವ ಸಂಭವವಿದೆ, ಮುಟ್ಟಿದೊಡನೆ ಬಿಟ್‌ಗಳು ಕೆಡುತ್ತವೆ. ವಿಂಡೋಸ್‌ನಲ್ಲಿಯೂ ಎಫ್‌ಎಫ್‌ಎಂಪೆಗ್ ಬಳಸಿ ಇದೇ ದಾರಿ ಹಿಡಿಯಬಹುದು. ಅಲ್ಲಿ ಇನ್‌ಪುಟ್‌ನ ವಾಲ್ಯೂಮ್ 100ರಲ್ಲಿಯೇ ಇರಬೇಕು, ಫಾರ್ಮ್ಯಾಟ್ 16 ಬಿಟ್ ಮತ್ತು 48,000 ಹರ್ಟ್ಸ್ ಆಗಿರಬೇಕು, ಎನ್‌ಹ್ಯಾನ್ಸ್‌ಮೆಂಟ್‌ಗಳೆಲ್ಲವೂ ಆಫ್ ಆಗಿರಬೇಕು. ಲಿಸನ್ ಟು ದಿಸ್ ಡಿವೈಸ್ ಎಂಬ ಗುರುತನ್ನು ಹಾಕಬಾರದು, ಅದು ಬಿಡಿಸದ ದತ್ತಾಂಶವನ್ನೇ ಸ್ಪೀಕರ್‌ಗೆ ಕಳುಹಿಸುತ್ತದೆ.

ಮೊದಲ ಬಾರಿ ನುಡಿಸುವಾಗ ಸ್ಪೀಕರ್‌ಗಳ ವಾಲ್ಯೂಮ್ ಗುಂಡಿಯನ್ನು ತೀರಾ ತಗ್ಗಿಸಿಡಿ. ಎಲ್ಲಿಯಾದರೂ ತಪ್ಪಿದ್ದರೆ ಬರುವ ಕರಕರ ಸದ್ದು ಪೂರ್ಣ ಶಕ್ತಿಯದ್ದಾಗಿರುವುದರಿಂದ ಕಿವಿಗೂ ಸ್ಪೀಕರ್‌ಗೂ ಹಾನಿಯಾಗಬಹುದು. ನಂತರವೂ ಧ್ವನಿಯನ್ನು ಏರಿಸಿ ಇಳಿಸುವುದು ಸ್ಪೀಕರ್‌ನ ಗುಂಡಿಯಿಂದ ಅಥವಾ ಔಟ್‌ಪುಟ್ ಬದಿಯಿಂದ ಮಾತ್ರ ಆಗಬೇಕು.

ಧ್ವನಿ ಸರಿಯಾಗಿ ಬಂದ ಮೇಲೆ ಕಂಪ್ಯೂಟರಿನ ಔಟ್‌ಪುಟ್ 5.1 ಪ್ರೊಫೈಲಿನಲ್ಲಿ ಇದೆಯೇ ಎಂದು ನೋಡಿ, ಲಿನಕ್ಸ್‌ನ ಸ್ಪೀಕರ್-ಟೆಸ್ಟ್ (speaker-test) ಕಮಾಂಡಿಗೆ ಆರು ಚಾನೆಲ್ ಎಂದು ಹೇಳಿ ಒಂದೊಂದು ಸ್ಪೀಕರನ್ನೂ ಪರೀಕ್ಷಿಸಬೇಕು. ಕಿತ್ತಳೆ ಪಿನ್‌ನಲ್ಲಿ ನಡುವಿನ ಸ್ಪೀಕರ್ ಮತ್ತು ಸಬ್‌ವೂಫರ್ ಅದಲುಬದಲಾಗುವುದು ಸಾಮಾನ್ಯ; ಆಗ ಪಾತ್ರಗಳ ಮಾತು ಸಬ್‌ವೂಫರ್‌ಗೆ ಹೋಗಿ ಅಸ್ಪಷ್ಟ ಗುಡುಗಾಗಿ ಕೇಳುತ್ತದೆ. ಆಟದೊಳಗಿನ ಪರೀಕ್ಷೆಗೆ ಮೆನುವಿನ ಸಂಗೀತವನ್ನು ನೆಚ್ಚಬಾರದು, ಅದು ಬಹಳಷ್ಟು ಆಟಗಳಲ್ಲಿ ಸ್ಟೀರಿಯೊ ಆಗಿರುತ್ತದೆ. ಹರಿಯುವ ನೀರಿನಂತಹ ನಿಂತಲ್ಲೇ ಸದ್ದು ಮಾಡುವ ವಸ್ತುವಿನ ಬಳಿ ಪಾತ್ರವನ್ನು ನಿಲ್ಲಿಸಿ ಕ್ಯಾಮೆರಾವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದಾಗ, ಸದ್ದು ಎಡಮುಂದಿನಿಂದ ಎಡಹಿಂದಕ್ಕೆ, ಅಲ್ಲಿಂದ ಬಲಹಿಂದಕ್ಕೆ ಎಲ್ಲಿಯೂ ಕಡಿಯದೆ ಸರಿಯಬೇಕು.

ಕೊನೆಗೆ ಉಳಿಯುವುದು ವಿಳಂಬದ ಪ್ರಶ್ನೆ. ಎ-ರೆಕಾರ್ಡ್‌ನ ಬಫರ್ ಸಮಯವನ್ನು (ಧ್ವನಿಯನ್ನು ಮುಂದೆ ಕಳುಹಿಸುವ ಮುನ್ನ ಕೂಡಿಟ್ಟುಕೊಳ್ಳುವ ಅವಧಿ) ಧ್ವನಿ ತುಂಡಾಗದಷ್ಟು ಮಟ್ಟಿಗೆ ಇಳಿಸುತ್ತ ಹೋಗಬೇಕು, ಎಫ್‌ಎಫ್‌ಪ್ಲೇಯಲ್ಲಿಯೂ ಬಫರ್ ಬೇಡವೆಂಬ ಆಯ್ಕೆಯನ್ನು ಕೊಡಬೇಕು. ಮಾದರಿಗಳ ವೇಗವನ್ನು ನಿರ್ಧರಿಸುವ ಕನ್ಸೋಲಿನ ಗಡಿಯಾರ ಮತ್ತು ಧ್ವನಿಯನ್ನು ಹೊರಡಿಸುವ ಕಾರ್ಡಿನ ಗಡಿಯಾರ ಬೇರೆ ಬೇರೆಯಾಗಿದ್ದಾಗ ಅವು ಎಂದೂ ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ 180 ಮಿಲಿಸೆಕೆಂಡ್ ಕೂಡಿಕೊಳ್ಳುತ್ತದೆ. ಇನ್‌ಪುಟ್‌ಗೂ ಔಟ್‌ಪುಟ್‌ಗೂ ಒಂದೇ ಕಾರ್ಡ್ ಬಳಸಿದರೆ ಈ ತೊಂದರೆ ಎಷ್ಟೋ ತಗ್ಗಬಹುದು. ಆಮೇಲೂ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತ ಹೋದರೆ ಕಮಾಂಡನ್ನು ನಿಲ್ಲಿಸಿ ಮತ್ತೆ ಆರಂಭಿಸಬೇಕು.