ಉದ್ದುದ್ದ ಇಂಗ್ಲಿಷ್ ಪದ ಬಿಡಿಸುವುದು ಹೀಗೆ

ಕಾಸರಗೋಡಿನ ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಕಷ್ಟ ಶುರುವಾಗುವುದು ಪ್ಲಸ್ ವನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ. ಹತ್ತರವರೆಗೆ ದ್ಯುತಿಸಂಶ್ಲೇಷಣೆ ಅಂತ ಓದಿದವರ ಮುಂದೆ ಒಮ್ಮೆಲೇ ಫೋಟೋಸಿಂಥೆಸಿಸ್ ಬಂದು ಕೂರುತ್ತದೆ. ಪಿ, ಎಚ್, ಒ, ಟಿ, ಒ ಅಂತ ಬಾಯಿಪಾಠ ಮಾಡಲು ಹೋಗಬೇಡಿ. ನಾನು ಹಾಗೆ ಮಾಡಿ ಪರೀಕ್ಷೆಯಲ್ಲಿ ಅರ್ಧ ಪದ ಬರೆದು ಕೂತವನು.

ಸಂಧಿ ಬಿಡಿಸಲು ಬರುತ್ತದೆ ಅಲ್ವಾ? ಇಲ್ಲೂ ಅದೇ ಕೆಲಸ. ಮೊದಲು ಅರ್ಥದ ತುಂಡು ಹುಡುಕಿ. ಫೋಟೋ ಅಂದರೆ ಬೆಳಕು, ಸಿನ್ ಅಂದರೆ ಒಟ್ಟಿಗೆ, ಥೆಸಿಸ್ ಅಂದರೆ ಇಡುವುದು, ಎಲ್ಲ ಗ್ರೀಕ್ ಮೂಲದ್ದು. ಈಗ ನಮ್ಮ ಪದ ನೋಡಿ: ದ್ಯುತಿ ಬೆಳಕು, ಸಂ ಒಟ್ಟಿಗೆ. ನೀವು ಆಗಲೇ ಕಲಿತದ್ದೇ ಬೇರೆ ಅಂಗಿ ಹಾಕಿ ಬಂದಿದೆ.

ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋಗುವ ಸರಕಾರಿ ಬಸ್ಸಿನ ಹೆಸರಲ್ಲೂ ಒಂದು ಪಾಠವಿದೆ: ಕೆಎಸ್‌ಆರ್‌ಟಿಸಿಯ ಟಿ ಅಂದರೆ ಟ್ರಾನ್ಸ್‌ಪೋರ್ಟ್. ಟ್ರಾನ್ಸ್ ಅಂದರೆ ಆಚೆಗೆ, ಪೋರ್ಟ್ ಅಂದರೆ ಹೊರುವುದು, ಗಡಿಯಾಚೆಗೆ ಹೊತ್ತೊಯ್ಯುವುದೇ ಅದರ ಕೆಲಸ. ಪೋರ್ಟ್ ಒಂದು ಸಿಕ್ಕಿದರೆ ಇಂಪೋರ್ಟ್, ಎಕ್ಸ್‌ಪೋರ್ಟ್, ಪೋರ್ಟಬಲ್ ಮೂರೂ ಬಿಟ್ಟಿ.

ಆಮೇಲೆ ಸದ್ದಿನ ತುಂಡು, ಅಂದರೆ ಸಿಲೆಬಲ್. ಗದ್ದದ ಕೆಳಗೆ ಕೈ ಇಟ್ಟು ಪದ ಹೇಳಿ, ಗದ್ದ ಎಷ್ಟು ಸಲ ಇಳಿಯುತ್ತದೋ ಹೆಚ್ಚುಕಮ್ಮಿ ಅಷ್ಟು ಸಿಲೆಬಲ್. ಒಂದು ಸಿಲೆಬಲ್‌ಗೆ ಒಂದೇ ಸ್ವರದ ಸದ್ದು. ನಾವು ಎಡವುವುದು ಇಲ್ಲೇ: ಬಸ್ಸು, ಬ್ಯಾಂಕು, ಕಾರು ಅಂತ ಕೊನೆಗೊಂದು ಉಕಾರ ಅಂಟಿಸಿ ಒಂದಿದ್ದದ್ದನ್ನು ಎರಡು ಮಾಡುತ್ತೇವೆ, ಎಣಿಸುವ ಮೊದಲು ಅದನ್ನು ಕಿತ್ತುಹಾಕಿ. ಟೇಕ್ ಪದದ ಕೊನೆಯ ಇ ಹಾಗೆ ಬಾಯಿ ಬಿಡದ್ದನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ಎರಡು ಸ್ವರದ ಮಧ್ಯೆ ಎರಡು ವ್ಯಂಜನ ಬಂದರೆ ಸಾಮಾನ್ಯವಾಗಿ ಅವುಗಳ ನಡುವೆಯೇ ಕತ್ತರಿಸಿ: ಡಾಕ್-ಟರ್, ಮಾರ್-ಕೆಟ್. ಟಿ-ಎಚ್, ಪಿ-ಎಚ್ ಥರದ ಜೋಡಿ ಮಾತ್ರ ಮುಟ್ಟಬೇಡಿ, ಅಕ್ಷರ ಎರಡಾದರೂ ಸದ್ದು ಒಂದೇ. ಕೊನೆಯಲ್ಲಿ ಟಿ-ಐ-ಒ-ಎನ್ ಕಂಡರೆ ಸಾಮಾನ್ಯವಾಗಿ ಇಡಿಯಾಗಿ 'ಶನ್' ಅನ್ನಿ.

ಅರ್ಥದ ತುಂಡು, ಸದ್ದಿನ ತುಂಡು ಯಾವಾಗಲೂ ಒಂದೇ ಕಡೆ ಮುರಿಯುವುದಿಲ್ಲ. ಟ್ರಾನ್ಸ್‌ಪೋರ್ಟೇಶನ್ ಅರ್ಥಕ್ಕೆ ಮೂರು ತುಂಡು, ಬಾಯಿಗೆ ನಾಲ್ಕು: ಟ್ರಾನ್ಸ್-ಪೋರ್-ಟೇ-ಶನ್.

ಇನ್ನು ಅನ್‌ಹ್ಯಾಪಿ ಪದದಲ್ಲಿ ಯು-ಎನ್ ಅಂದರೆ 'ಅಲ್ಲ' ಅಂತ ಕಲಿತ ಖುಷಿಗೆ ಅಂಕಲ್‌ನಿಂದಲೂ ಅದನ್ನು ಕಿತ್ತರೆ ಉಳಿಯುವುದು ಸಿ-ಎಲ್-ಇ, ಅದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ. ಆಗ ತುಂಡನ್ನು ಸುಮ್ನೆ ವಾಪಸ್ ಅಂಟಿಸಿ, ಡಿಕ್ಷನರಿ ತೆಗೆಯಿರಿ.