ಬರಬೇಕಿತ್ತು, ಬರಬೇಕಾಯಿತು

ನಾನು ಮಂಗಳೂರಿಗೆ ಕೆಲಸಕ್ಕೆ ಬಂದ ಮರುವರ್ಷ, ಕೊಚ್ಚಿಯ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡರು. ನಮ್ಮಿಬ್ಬರಿಗೂ ಬರುವ ಭಾಷೆ ಇಂಗ್ಲಿಷ್ ಒಂದೇ. ಹೋಗಲಾಗಲಿಲ್ಲವೆಂಬ ಸಂಕಟದಲ್ಲಿ ‘ಐ ಹ್ಯಾಡ್ ಟು ಕಮ್ ಟು ದ ಫ್ಯೂನರಲ್’ ಎಂದು ಬರೆದು ಕಳುಹಿಸಿದೆ. ‘ಬಂದಿದ್ದಿರಾ? ನಾನು ನೋಡಲೇ ಇಲ್ಲ, ಕ್ಷಮಿಸಿ’ ಎಂದು ಉತ್ತರ ಬಂತು. ತಂದೆಯನ್ನು ಕಳೆದುಕೊಂಡವರು ನನ್ನ ಕ್ಷಮೆ ಕೇಳುವಂತಾಯಿತು.

ನನ್ನ ಮನಸ್ಸಿನಲ್ಲಿ ಇದ್ದದ್ದು ‘ಬರಬೇಕಿತ್ತು’, ಬರೆದದ್ದು ‘ಬರಬೇಕಾಯಿತು’. ಬರಬೇಕಿತ್ತು ಎಂದು ಮರುಗುವವನು ಬಂದಿಲ್ಲ. ಬರಬೇಕಾಯಿತು ಎನ್ನುವವನು ಬಂದಿದ್ದಾನೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ಶುಡ್ ಹ್ಯಾವ್ ಕಮ್’, ಎರಡನೆಯದು ‘ಹ್ಯಾಡ್ ಟು ಕಮ್’. ಕನ್ನಡದಲ್ಲಿ ಎಂದೂ ತಪ್ಪದವನು ಇಂಗ್ಲಿಷಿನಲ್ಲಿ ಏಕೆ ತಪ್ಪಿದೆ ಎಂಬುದು ಬಹಳ ಕಾಡಿತು.

ಅಂದಿನಿಂದ ಹಂಪನಕಟ್ಟೆಯಿಂದ ಸುರತ್ಕಲ್‌ಗೆ ಹೋಗುವ ಬಸ್ಸಿನಲ್ಲಿ ದಿನಕ್ಕೊಂದು ಕೊರಗನ್ನು ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಬಿಡಿಸತೊಡಗಿದೆ. ತುಳುವರ ಆಟಿ ತಿಂಗಳ ಮಳೆಯಲ್ಲಿ ತೊಯ್ದ ಸಂಜೆ ಬರೆದದ್ದು: ‘ಕೊಡೆ ತಂದಿದ್ದರೆ ನೆನೆಯುತ್ತಿರಲಿಲ್ಲ.’ ತಂದಿದ್ದರೆ ಎಂದರೆ ತಂದು, ಇದ್ದರೆ. ಆ ‘ಇದ್ದ’ದ ಜಾಗದಲ್ಲಿ ‘ಹ್ಯಾಡ್’, ‘ತಂದು’ವಿನ ಜಾಗದಲ್ಲಿ ‘ಬ್ರಾಟ್’: ‘ಇಫ್ ಐ ಹ್ಯಾಡ್ ಬ್ರಾಟ್ ಆ್ಯನ್ ಅಂಬ್ರೆಲಾ’. ಅರ್ಧ ವಾಕ್ಯ ಕೈಗೆ ಬಂತು! ವ್ಯಾಕರಣ ಪುಸ್ತಕಗಳು ಇಂಥ ಪೂರ್ತಿ ವಾಕ್ಯವನ್ನು ‘ಥರ್ಡ್ ಕಂಡಿಷನಲ್’ ಎನ್ನುತ್ತವೆ. ಆ ಹೆಸರಿನಿಂದ ಬಗೆಹರಿಯದ್ದು ‘ಇದ್ದ’ದಿಂದ ಬಗೆಹರಿಯಿತು.

ಎಡವುತ್ತಿದ್ದದ್ದು ಉಳಿದರ್ಧದಲ್ಲಿ. ‘ನೆನೆಯುತ್ತಿರಲಿಲ್ಲ’ದೊಳಗಿನ ‘ಉತ್ತ’ವನ್ನು ನಂಬಿ ‘ವಾಸ್ ನಾಟ್ ಗೆಟಿಂಗ್ ವೆಟ್’ ಎಂದು ಬರೆಯುತ್ತಿದ್ದೆ. ಬೇಕಾದದ್ದು ‘ವುಡ್ ನಾಟ್ ಹ್ಯಾವ್ ಗಾಟ್ ವೆಟ್’. ಈ ‘ವುಡ್ ಹ್ಯಾವ್’ ‘ಇಫ್’ನ ಪಕ್ಕಕ್ಕೂ ಬರಬಾರದು, ‘ಐ ವಿಶ್’ನ ಪಕ್ಕಕ್ಕೂ ಬರಬಾರದು.

‘ವಿಶ್’ ಅನ್ನು ನನಗೆ ಕಲಿಸಿದ್ದು ತುಳು. ಘಟ್ಟದ ಮೇಲಿನವನಾದ ನಾನು ಮೀನು ಮಾರುಕಟ್ಟೆಯಲ್ಲಿ ಮಾತು ತೋಚದೆ ನಿಂತಾಗ ಎರಡು ಕೊರಗು ಒಟ್ಟಿಗೆ ಹುಟ್ಟುತ್ತಿದ್ದವು. ತುಳು ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬುದು ಈಗಿನದು: ‘ಐ ವಿಶ್ ಐ ನ್ಯೂ (knew) ತುಳು’. ಬಂದ ಹೊಸತರಲ್ಲೇ ಕಲಿಯಬೇಕಿತ್ತು ಎಂಬುದು ಆಗಿನದು: ‘ಐ ವಿಶ್ ಐ ಹ್ಯಾಡ್ ಲರ್ನ್ಡ್ ತುಳು’. ಈಗಿನ ಮಾತಿಗೂ ‘ನ್ಯೂ’ ಎಂಬ ಭೂತಕಾಲವೇ ಎಂದು ಗಾಬರಿಯಾಗಬೇಕಿಲ್ಲ. ನಮ್ಮ ‘ಗೊತ್ತಿದ್ದರೆ’ಯಲ್ಲೂ ‘ಇದ್ದ’ ಇದೆ.

ಒಂದು ತಿಂಗಳ ಬಳಿಕ ಆ ಸಹೋದ್ಯೋಗಿಗೆ ಮತ್ತೆ ಬರೆದೆ: ‘ಐ ಶುಡ್ ಹ್ಯಾವ್ ಕಮ್. ಐ ವಿಶ್ ಐ ಹ್ಯಾಡ್ ಬೀನ್ ದೇರ್.’ ಅಂದು ಸಂಜೆ ಅವರೇ ಕರೆ ಮಾಡಿ, ತಂದೆಯ ಬಗ್ಗೆ ಬಹಳ ಹೊತ್ತು ಮಾತನಾಡಿದರು.